ಪ್ಯಾರಮಟ್ಟಾದ ‘ಫೀಮೇಲ್ ಫ್ಯಾಕ್ಟರಿ’: ಇಷ್ಟು ತಡವಾಗಿ ನೆನಪಾದದ್ದು ಏಕೆ?

ಸಿಡ್ನಿಯ ವೆಸ್ಟ್‌ಮೀಡ್ ಕಡೆ ಮಗನೋ ಮಗಳೋ ಇರುವ ಕನ್ನಡಿಗರಿಗೆ ಪಕ್ಕದ ಪ್ಯಾರಮಟ್ಟಾ ಹೊಸ ಹೆಸರಲ್ಲ. ಅಲ್ಲಿನ ಹಳೆಯ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ, ನದಿಯ ದಂಡೆಗೆ, ಒಂದಷ್ಟು ಮರಳುಗಲ್ಲಿನ ಕಟ್ಟಡಗಳಿವೆ. ಅವು ‘ಫೀಮೇಲ್ ಫ್ಯಾಕ್ಟರಿ’ಯ ಅಳಿದುಳಿದ ಭಾಗ. ಹೆಸರಿಗೆ ಕಾರ್ಖಾನೆ. ನಿಜದಲ್ಲಿ ಗಡೀಪಾರಾದ ಹೆಂಗಸರ ಜೈಲು, ಉಣ್ಣೆ ನೂಲುವ ಮನೆ, ಹೆರಿಗೆಮನೆ ಎಲ್ಲವೂ ಒಂದೇ ಗೋಡೆಯೊಳಗೆ. ಕೈದಿ ಗಂಡಸರು ಅನುಮತಿ ಪಡೆದು ಹೆಣ್ಣು ನೋಡಲು ಬರುತ್ತಿದ್ದುದೂ ಇಲ್ಲಿಗೇ.

ಕರಿನೀರು ಎಂದರೆ ನಮಗೆ ಅಂಡಮಾನ್. ಬ್ರಿಟನ್ ಮತ್ತು ಐರ್ಲೆಂಡಿನ ಬಡವರಿಗೆ ಅದು ಆಸ್ಟ್ರೇಲಿಯಾ. 1788ರಿಂದ 80 ವರ್ಷಗಳಲ್ಲಿ ಸಾಗಿಸಿದ ಸುಮಾರು 1.6 ಲಕ್ಷ ಕೈದಿಗಳಲ್ಲಿ ಹೆಂಗಸರು ಸುಮಾರು 25 ಸಾವಿರ. ಬಹುಪಾಲು ಸಣ್ಣಪುಟ್ಟ ಕಳ್ಳತನದ ಪ್ರಕರಣಗಳು.

ಗವರ್ನರ್ ಮ್ಯಾಕ್ವಾರಿ ಕಟ್ಟಿಸಿದ ಈ ಫ್ಯಾಕ್ಟರಿ 1821ರಲ್ಲಿ ಮುಗಿಯಿತು. ನಕ್ಷೆ ಫ್ರಾನ್ಸಿಸ್ ಗ್ರೀನ್‌ವೇ ಅವರದು. ಖೋಟಾ ದಾಖಲೆಯ ಅಪರಾಧಕ್ಕೆ ಗಡೀಪಾರಾಗಿದ್ದ ಅವರ ಮುಖವನ್ನೇ ಮುಂದೆ ಆಸ್ಟ್ರೇಲಿಯಾ 10 ಡಾಲರ್ ನೋಟಿನ ಮೇಲೆ ಅಚ್ಚು ಹಾಕಿತು! ಒಳಗಿನ ಹೆಂಗಸರನ್ನು ಮೂರು ದರ್ಜೆಗಳಾಗಿ ವಿಂಗಡಿಸಿದ್ದರು. ಮೂರನೆಯದು ಶಿಕ್ಷೆಯ ದರ್ಜೆ, ಅಲ್ಲಿ ತಲೆಗೂದಲನ್ನೂ ಕತ್ತರಿಸುತ್ತಿದ್ದರು. 1827ರ ಅಕ್ಟೋಬರ್‌ನಲ್ಲಿ ರೊಟ್ಟಿ, ಸಕ್ಕರೆಯ ಪಡಿ ಕಡಿತವಾದಾಗ ಅವರು ಗೇಟು ಮುರಿದು ಊರಿಗೆ ನುಗ್ಗಿ ಬೇಕರಿಗಳಿಂದ ತಿನ್ನಲು ಹೊತ್ತು ತಂದರು. ಸೈನಿಕರು ಬರಬೇಕಾಯಿತು. 1842ರ ಹೊತ್ತಿಗೆ ಒಳಗಿದ್ದ ಹೆಂಗಸರು ಸಾವಿರಕ್ಕೂ ಹೆಚ್ಚು, ಜೊತೆಗೆ ಕಂಕುಳ ಕೂಸುಗಳು.

1840ರ ದಶಕದ ಕೊನೆಗೆ ಫ್ಯಾಕ್ಟರಿ ಮುಚ್ಚಿ ಅಲ್ಲೇ ಹುಚ್ಚಾಸ್ಪತ್ರೆ ತೆರೆಯಿತು. ಜಾಗ ಬದಲಾಗಲಿಲ್ಲ, ಬೀಗ ಬದಲಾಗಲಿಲ್ಲ, ಒಳಗಿದ್ದವರನ್ನು ಕರೆಯುವ ಹೆಸರು ಬದಲಾಯಿತು. 1880ರ ದಶಕದಲ್ಲಿ ಗ್ರೀನ್‌ವೇ ಅವರ ಮೂರಂತಸ್ತಿನ ಮುಖ್ಯ ಕಟ್ಟಡವನ್ನು ಕೆಡವಿ, ಅದೇ ಕಲ್ಲಿನಿಂದ ಆಸ್ಪತ್ರೆಯ ಹೊಸ ವಾರ್ಡ್ ಕಟ್ಟಿದರು. ಫ್ಯಾಕ್ಟರಿಯ ಗಡಿಯಾರವೂ ಅದರ ನೆತ್ತಿಗೇರಿತು. ಯಾರಿಗೂ ಅದು ತಪ್ಪೆನಿಸಿದ ಹಾಗಿಲ್ಲ. ಕೈದಿ ಅಜ್ಜಿಯ ಹೆಸರನ್ನು ಮನೆಯಲ್ಲೇ ಬಾಯಿಬಿಡದ ಕಾಲ ಅದು. ಆ ಮೌನಕ್ಕೆ ಮತ್ತೊಂದು ನೂರು ವರ್ಷ ಆಯಸ್ಸಿತ್ತು.

ಹೋಲಿಸಿ ನೋಡಬೇಕಾದ್ದು ಸಿಡ್ನಿಯ ಹೈಡ್ ಪಾರ್ಕ್ ಬ್ಯಾರಕ್ಸ್ ಅನ್ನು. ಅದೂ ಗ್ರೀನ್‌ವೇ ಅವರದೇ, ಆದರೆ ಗಂಡು ಕೈದಿಗಳಿಗಾಗಿ ಕಟ್ಟಿದ್ದು. ಅದು ಉಳಿಯಿತು, ಮ್ಯೂಸಿಯಂ ಆಯಿತು, 2010ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಗೆ ಸೇರಿಸಿದ 11 ಕೈದಿ ತಾಣಗಳಲ್ಲೊಂದಾಯಿತು. ಆ ಪಟ್ಟಿಯಲ್ಲಿ ಪ್ಯಾರಮಟ್ಟಾದ ಫ್ಯಾಕ್ಟರಿ ಇರಲಿಲ್ಲ. ಹೆಂಗಸರ ಪಾಲಿಗೆ ಸಿಕ್ಕಿದ್ದು ಟಾಸ್ಮೇನಿಯಾದ ಹೋಬರ್ಟ್‌ನ ಕ್ಯಾಸ್ಕೇಡ್ಸ್ ಫ್ಯಾಕ್ಟರಿ. ಅದೂ ಇಡಿಯಾಗಿ ಅಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ತುಂಡು ಮಾಡಿ ಮಾರಿದ್ದರಿಂದ ಐದು ಅಂಗಳಗಳಲ್ಲಿ ಮೂರು ಮಾತ್ರ ಈಗ ಸಂರಕ್ಷಿತ.

2015ರ ಸುಮಾರಿಗೆ ಪ್ಯಾರಮಟ್ಟಾದ ಈ ಆವರಣದ ಸುತ್ತ ಸುಮಾರು 4 ಸಾವಿರ ಮನೆಗಳ ಯೋಜನೆ ಬಂದಾಗ ಜಗಳ ಜೋರಾಯಿತು. ಹಳೆಯ ಕಟ್ಟಡ ರಿಪೇರಿ ಮಾಡಲು ದುಡ್ಡು ಬೇಕು, ದುಡ್ಡಿಗೆ ಮನೆ ಮಾರಬೇಕು ಎಂಬುದು ಒಂದು ವಾದ. ಲೆಕ್ಕ ಸರಿಯೇ ಇರಬಹುದು. ಆದರೆ ಹತ್ತಾರು ಅಂತಸ್ತುಗಳ ನೆರಳಲ್ಲಿ ಕೂತ ಜೈಲಿನ ಅಂಗಳ ಏನು ಕಥೆ ಹೇಳೀತು ಎಂದು ಕೇಳಿದವರ ಮಾತನ್ನೂ ತಳ್ಳಿಹಾಕುವ ಹಾಗಿರಲಿಲ್ಲ. 2017ರ ನವೆಂಬರ್‌ನಲ್ಲಿ ಕೊನೆಗೂ ಜಾಗ ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿತು.

ಪಟ್ಟಿಗೆ ಸೇರಿದ್ದು ಫ್ಯಾಕ್ಟರಿ ಒಂದೇ ಅಲ್ಲ, ಪಕ್ಕದ ಪ್ಯಾರಮಟ್ಟಾ ಗರ್ಲ್ಸ್ ಹೋಮ್ ಕೂಡ. 1974ರವರೆಗೆ ನಡೆದ ಆ ‘ಸುಧಾರಣಾ ಶಾಲೆ’ಯಲ್ಲಿ ಅನುಭವಿಸಿದ ದೌರ್ಜನ್ಯವನ್ನು ಅಲ್ಲಿದ್ದ ಹೆಂಗಸರು 2014ರಲ್ಲಿ ಸರ್ಕಾರ ನೇಮಿಸಿದ ತನಿಖಾ ಆಯೋಗವಾದ ರಾಯಲ್ ಕಮಿಷನ್ ಮುಂದೆ ಹೇಳಿಕೊಂಡರು. ಫ್ಯಾಕ್ಟರಿಯ ಹೆಂಗಸರು ತೀರಿಹೋಗಿದ್ದಾರೆ, ಇವರು ಬದುಕಿದ್ದಾರೆ. ಅಂದು ಬಾಗಿಲುಗಳ ಮೇಲೆ ಹುಡುಗಿಯರು ಕೆರೆದ ‘ಐಎಲ್‌ಡಬ್ಲ್ಯೂಎ’ ಎಂಬ ಗುಪ್ತಾಕ್ಷರಗಳಿವೆ, ‘ಐ ಲವ್, ವರ್ಶಿಪ್, ಅಡೋರ್’, ಅಂದರೆ ‘ಪ್ರೀತಿಸುತ್ತೇನೆ, ಪೂಜಿಸುತ್ತೇನೆ, ಆರಾಧಿಸುತ್ತೇನೆ’ ಎಂದು ಅದರರ್ಥ. ಕಟ್ಟಡಕ್ಕೆ ಹೊಸ ಬಣ್ಣ ಬಳಿಯುವ ಮೊದಲು ಆ ಬಾಗಿಲುಗಳನ್ನು ಏನು ಮಾಡಬೇಕೆಂದು ಇವರನ್ನೇ ಕೇಳಬೇಕು.