ಓದು ಬಾರದ ಅವ್ವನೂ ಮಗುವಿನ ಕಲಿಕೆಯೂ

"ನಮಗೆಲ್ಲಿ ಓದ್ಲಿಕ್ಕೆ ಬರ್ತದ್ರೀ, ಸಾಲಿದೆಲ್ಲಾ ನೀವೇ ನೋಡ್ರಿ." ಯಾದಗಿರಿ ಕಡೆಯ ಶಾಲೆಗಳಲ್ಲಿ ಪಾಲಕರು ಆಡುವ ಮಾತಿದು. 2011ರ ಜನಗಣತಿಯಂತೆ ಈ ಜಿಲ್ಲೆಯ ಸಾಕ್ಷರತೆ ಶೇ. 52ರಷ್ಟು, ರಾಜ್ಯದಲ್ಲೇ ಕಡಿಮೆ. ಹೆಂಗಸರಲ್ಲಿ ಇನ್ನೂ ಕಡಿಮೆ. ಆದರೆ ಮಗುವಿನ ಓದಿಗೆ ಮನೆಯವರು ಕೊಡಬಹುದಾದ ಬಹುಪಾಲು ನೆರವಿಗೆ ಅಕ್ಷರಜ್ಞಾನವೇ ಬೇಕಿಲ್ಲ.

ಅಂಗನವಾಡಿಯ ವಯಸ್ಸಿನಲ್ಲಿ ಮಿದುಳಿನ ನರಕೋಶಗಳ ನಡುವಿನ ಜೋಡಣೆಗಳು ಬಲು ವೇಗವಾಗಿ ಹೆಣೆದುಕೊಳ್ಳುತ್ತವೆ. ಹೆಚ್ಚು ಬಳಕೆಯಾದವು ಗಟ್ಟಿಯಾಗುತ್ತವೆ, ಬಳಸದವು ಕಳಚಿಹೋಗುತ್ತವೆ. ಮಗು ಕೇಳಿದ್ದಕ್ಕೆ ಅವ್ವ ಉತ್ತರ ಕೊಟ್ಟು ಮತ್ತೊಂದು ಪ್ರಶ್ನೆ ಕೇಳಿದರೆ ಭಾಷೆ ಬೆಳೆಯುತ್ತದೆ. ತೊಗರಿ ಹಸನು ಮಾಡುತ್ತಾ ಹೇಳುವ ಒಗಟು, ಆಯಿ ಹೇಳುವ ಕಥೆ, ಕಾಳು ಎಣಿಸುವ ಆಟ ಎಲ್ಲವೂ ಇದೇ ಕೆಲಸ ಮಾಡುತ್ತವೆ. ಅದು ಲಂಬಾಣಿಯಲ್ಲಿರಲಿ, ಉರ್ದು, ತೆಲುಗಿನಲ್ಲಿರಲಿ, ಮನೆಮಾತು ಕನ್ನಡ ಕಲಿಕೆಗೆ ಅಡ್ಡಿಯಲ್ಲ, ಅದೇ ಬುನಾದಿ.

ಪ್ರಾಥಮಿಕ ಶಾಲೆಯಲ್ಲಿ ಮುಖ್ಯವಾದದ್ದು ಹಾಜರಿ. ಗುಳೆ ಹೋಗುವಾಗ ಮಗುವನ್ನು ಅಜ್ಜಿಯ ಬಳಿ ಬಿಟ್ಟುಹೋಗುವ ಮನೆಯವರು ಬೆಂಗಳೂರಿನಿಂದಲೋ ಮುಂಬೈಯಿಂದಲೋ ಫೋನ್ ಮಾಡಿ "ಇವತ್ತು ಸಾಲ್ಯಾಗ ಏನ್ ಹೇಳಿಕೊಟ್ರು?" ಎಂದು ಕೇಳಬಹುದು.

ಹೈಸ್ಕೂಲು ಹತ್ತಿರವಾಗುವ ಹೊತ್ತಿಗೆ ಲೆಕ್ಕ ಬದಲಾಗುತ್ತದೆ. 2009ರಲ್ಲಿ ನ್ಯಾನ್ಸಿ ಹಿಲ್ ಮತ್ತು ಡಯಾನಾ ಟೈಸನ್ ಎಂಬ ಅಮೆರಿಕದ ಸಂಶೋಧಕಿಯರು ಮಿಡ್ಲ್ ಸ್ಕೂಲ್ (ಸುಮಾರು ಆರರಿಂದ ಎಂಟನೆಯ ತರಗತಿ) ಮಕ್ಕಳ ಕುರಿತ 50 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದರು. ಪಾಲಕರು ಪಕ್ಕದಲ್ಲಿ ಕೂತು ಹೋಮ್‌ವರ್ಕ್ ಮಾಡಿಸುವುದರಿಂದ ಖಚಿತ ಲಾಭ ಕಾಣಲಿಲ್ಲ. ಓದು ಯಾಕೆ ಬೇಕು, ಮುಂದೆ ಏನಾಗಬೇಕು ಎಂದು ಮಾತಾಡಿ, ಮಗುವಿನ ಮೇಲೆ ಭರವಸೆಯಿಟ್ಟ ಮನೆಗಳ ಮಕ್ಕಳ ಕಲಿಕೆ ಎಲ್ಲಕ್ಕಿಂತ ಚೆನ್ನಾಗಿತ್ತು. ಹದಿಹರೆಯದವರಿಗೆ ತಾವೇ ನಿರ್ಧರಿಸುವ ಹಂಬಲ. ಬೆನ್ನ ಹಿಂದೆ ನಿಂತು ಕಾಯುವುದು ಅದಕ್ಕೆ ಒಗ್ಗದು. ಬೇರೆ ದೇಶದ ಅಧ್ಯಯನವಾದರೂ ಇದರಲ್ಲಿ ನನಗೆ ಭರವಸೆ ಕಾಣುತ್ತದೆ: ಬೀಜಗಣಿತ ಬಾರದ ಅಪ್ಪನಿಗೂ ಮಗಳೊಂದಿಗೆ ಹತ್ತನೆಯ ತರಗತಿಯ ನಂತರದ ದಾರಿಯ ಬಗ್ಗೆ ಮಾತಾಡಲು ಬರುತ್ತದೆ. ಎಸ್ಸೆಸ್ಸೆಲ್ಸಿ ಮುಗಿಯುವ ಮುನ್ನವೇ ಮದುವೆಯ ಮಾತು ಏಳುವ ಮನೆಗಳಲ್ಲಂತೂ ಆ ಮಾತುಕತೆಗೆ ಬೆಲೆ ಕಟ್ಟಲಾಗದು.

ಶಿಕ್ಷಣ ಹಕ್ಕು ಕಾಯ್ದೆ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರಿರಬೇಕು, ಅರ್ಧದಷ್ಟು ಹೆಂಗಸರಿರಬೇಕು ಎನ್ನುತ್ತದೆ. ಅವರಿಗೆ ಓದು ಬರಬೇಕೆಂದು ಎಲ್ಲೂ ಹೇಳಿಲ್ಲ. ಹಾಗಿರುವಾಗ ತೊಗರಿ ರಾಶಿಯ ದಿನಗಳಲ್ಲಿ ಸಭೆಯನ್ನು ಬೆಳಗ್ಗೆ ಹನ್ನೊಂದಕ್ಕೆ ಕರೆಯಬಾರದು. ಕೂಲಿಯವರು ಹೊಲದಿಂದ ಬಂದ ಮೇಲೆ, ಸಂಜೆ ಕರೆಯಬೇಕು.