ಸಿಂಗಾಪುರದಲ್ಲಿ ಕಂಪನಿ: ಯಾವುದು ಮೊದಲು, ಯಾವುದು ಆಮೇಲೆ?

ಸಿಂಗಾಪುರದ ಕಂಪನಿ ಕಾಯ್ದೆಯನ್ನು ಒಂದು ವಾರ ಓದಿದೆ, ನಮ್ಮ ವಿದೇಶಿ ವಿನಿಮಯ ಕಾಯ್ದೆ ಫೆಮಾವನ್ನು ಇನ್ನೊಂದು ವಾರ. ಎರಡನ್ನೂ ಪಕ್ಕಪಕ್ಕ ಇಟ್ಟಾಗಲೇ ತಲೆಗೆ ಹೋಗಿದ್ದು: ಎಡವುವುದು ಕೆಲಸಗಳ ಸರದಿಯಲ್ಲಿ.

ಬೆಂಗಳೂರಿನಲ್ಲಿ ಇರುವ ಒಬ್ಬರು ತಮ್ಮ ಸಾಫ್ಟ್‌ವೇರ್ ಮಾರಲು ಅಲ್ಲಿ ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡುತ್ತಾರೆ ಅಂದುಕೊಳ್ಳಿ. ಷೇರುದಾರರು ಅವರೊಬ್ಬರೇ.

ಅಲ್ಲಿನ ಕೆಲಸ ಸಲೀಸು. ನೋಂದಣಿ ಅಕ್ರಾ ಎಂಬ ಸಂಸ್ಥೆಯದು, ಎಲ್ಲವೂ ಬಿಜ್‌ಫೈಲ್ ಪೋರ್ಟಲ್‌ನಲ್ಲಿ. ಹೆಸರಿಗೆ 15, ನೋಂದಣಿಗೆ 300 ಸಿಂಗಾಪುರ ಡಾಲರ್. ಬಂಡವಾಳ 1 ಡಾಲರ್ ಇದ್ದರೂ ನಡೆಯುತ್ತದೆ. ಅಷ್ಟೂ ಷೇರು ವಿದೇಶಿಯರ ಕೈಯಲ್ಲೇ ಇರಬಹುದು. ಆದರೆ ಹೊರಗೆ ಕೂತ ವಿದೇಶಿಯರು ಅರ್ಜಿಯನ್ನು ನೋಂದಾಯಿತ ಏಜೆಂಟ್ ಮೂಲಕ ಹಾಕಬೇಕು.

ನಿಜವಾದ ಖರ್ಚು ಬರುವುದು ಡೈರೆಕ್ಟರ್ ವಿಷಯದಲ್ಲಿ. ಸಿಂಗಾಪುರದಲ್ಲೇ ವಾಸ ಇರುವ ಒಬ್ಬ ಡೈರೆಕ್ಟರ್ ಬೇಕೇ ಬೇಕು. ನಮ್ಮವರಿಗೆ ಅಲ್ಲಿ ಯಾರೂ ಗೊತ್ತಿಲ್ಲ. ಆಗ ಏಜೆಂಟ್ ವರ್ಷಕ್ಕಿಷ್ಟು ಅಂತ ಶುಲ್ಕ ತೆಗೆದುಕೊಂಡು ನಾಮಿನಿ ಡೈರೆಕ್ಟರ್ ಒಬ್ಬರನ್ನು ಕೊಡುತ್ತಾರೆ. ಸುಮ್ನೆ ಹೆಸರಿಗೆ ಮಾತ್ರ ಇರುವವರು ಅಂತ ನಾನೂ ಅಂದುಕೊಂಡಿದ್ದೆ. ಕಾನೂನು ಹಾಗೆ ನೋಡುವುದಿಲ್ಲ. ಉಳಿದ ಡೈರೆಕ್ಟರ್‌ಗಳಿಗೆ ಇರುವ ಹೊಣೆಯೇ ಇವರಿಗೂ. ಅವರು ಠೇವಣಿ ಕೇಳಿದರೆ ಸಿಟ್ಟಾಗಬೇಡಿ, ಅವರ ಭಯ ಸಹಜವೇ ಅಲ್ವಾ? ಇದಲ್ಲದೆ 6 ತಿಂಗಳೊಳಗೆ ಕಂಪನಿ ಸೆಕ್ರೆಟರಿ ನೇಮಕ ಆಗಬೇಕು, ಅವರೂ ಅಲ್ಲಿಯ ವಾಸಿಯೇ ಆಗಿರಬೇಕು. ಕಂಪನಿಗೆ ಒಬ್ಬರೇ ಡೈರೆಕ್ಟರ್ ಇದ್ದರೆ ಅವರೇ ಸೆಕ್ರೆಟರಿ ಆಗುವಂತಿಲ್ಲ. ಕಚೇರಿ ವಿಳಾಸಕ್ಕೆ ಅಂಚೆ ಪೆಟ್ಟಿಗೆ ನಂಬರ್ ಕೊಟ್ಟರೆ ಒಪ್ಪುವುದಿಲ್ಲ.

ಈಗ ನಮ್ಮ ಕಡೆಗೆ ಬನ್ನಿ. ಭಾರತದ ವಾಸಿ ವಿದೇಶಿ ಕಂಪನಿಯ ಷೇರು ತೆಗೆದುಕೊಂಡರೆ 2022ರ ಆಗಸ್ಟ್‌ನಲ್ಲಿ ಬಂದ ಓವರ್‌ಸೀಸ್ ಇನ್ವೆಸ್ಟ್‌ಮೆಂಟ್ ನಿಯಮಗಳು ಅನ್ವಯಿಸುತ್ತವೆ. ವ್ಯಕ್ತಿಗಳಿಗೆ ಮಿತಿ ಎಲ್‌ಆರ್‌ಎಸ್‌ನದೇ (ವ್ಯಕ್ತಿಗಳು ವಿದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕ್ ಮಾಡಿರುವ ಯೋಜನೆ), ಆರ್ಥಿಕ ವರ್ಷಕ್ಕೆ 2,50,000 ಅಮೆರಿಕನ್ ಡಾಲರ್. ತಮ್ಮ ಎಡಿ ಬ್ಯಾಂಕಿಗೆ, ಅಂದರೆ ವಿದೇಶಿ ವಿನಿಮಯ ನಡೆಸಲು ಅನುಮತಿ ಇರುವ ಬ್ಯಾಂಕಿಗೆ, ಹೂಡಿಕೆಯ ವಿವರದ ಫಾರಂ ಎಫ್‌ಸಿ ಕೊಟ್ಟು ಆ ಹೂಡಿಕೆಯ ಗುರುತಿನ ಸಂಖ್ಯೆಯಾದ ಯುಐಎನ್ ಪಡೆಯಬೇಕು. ಯಾವಾಗ? ಹಣ ಕಳಿಸುವುದು, ಷೇರು ಕೈಗೆ ಬರುವುದು, ಇವೆರಡರಲ್ಲಿ ಯಾವುದು ಮೊದಲೋ ಅದಕ್ಕಿಂತ ಮುಂಚೆ.

ಈ ಸಾಲನ್ನು ಎರಡು ಸಲ ಓದಿ. ನಮ್ಮವರು ಮೊದಲು ಏಜೆಂಟ್‌ಗೆ ಹೇಳಿ ಕಂಪನಿ ಮಾಡಿಸಿದರು. 1 ಡಾಲರಿನ ಷೇರು ಅವರ ಹೆಸರಿಗೆ ಬಂತು. ಆಮೇಲೆ ಬಂಡವಾಳ ಕಳಿಸಲು ಬ್ಯಾಂಕಿಗೆ ಹೋದರೆ ಯುಐಎನ್ ಎಲ್ಲಿ ಅಂತ ಕೇಳುತ್ತಾರೆ. ಒಂದೇ ಡಾಲರ್ ಅಲ್ವಾ ಅಂದರೆ ನಡೆಯುವುದಿಲ್ಲ. ಅದಕ್ಕೇ ಏಜೆಂಟ್‌ಗೆ ಹೂಂ ಅನ್ನುವ ಮೊದಲು ಬ್ಯಾಂಕಿನ ಫಾರಿನ್ ಎಕ್ಸ್‌ಚೇಂಜ್ ವಿಭಾಗದಲ್ಲಿ ಕೂತು ಮಾತಾಡಬೇಕು.

ಇನ್ನೆರಡು ಕಟ್ಟುಪಾಡು: ಹೀಗೆ ವ್ಯಕ್ತಿಯೊಬ್ಬರ ಹಿಡಿತದಲ್ಲಿರುವ ಕಂಪನಿ ತನ್ನ ಕೆಳಗೆ ಇನ್ನೊಂದು ಕಂಪನಿ ಮಾಡುವ ಹಾಗಿಲ್ಲ. ಹಣಕಾಸು ಸೇವೆಯ ವ್ಯವಹಾರಕ್ಕೂ ಕೈಹಾಕುವಂತಿಲ್ಲ.

ತೆರಿಗೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಲ್ಲಿ ಕಂಪನಿ ತೆರಿಗೆ 17%, ಅದಕ್ಕೇ ಎಲ್ಲರ ಕಣ್ಣು ಅಲ್ಲಿ. ಆದರೆ ಮುಖ್ಯ ತೀರ್ಮಾನಗಳೆಲ್ಲ ಬೆಂಗಳೂರಿನಲ್ಲೇ ಆಗುತ್ತಿದ್ದರೆ ಆ ಕಂಪನಿಯನ್ನು ಭಾರತದ ವಾಸಿ ಅಂತಲೇ ಎಣಿಸುವ ನಿಯಮ ಇದೆ, ಪೋಯೆಮ್ (ಪ್ಲೇಸ್ ಆಫ್ ಎಫೆಕ್ಟಿವ್ ಮ್ಯಾನೇಜ್‌ಮೆಂಟ್) ಅನ್ನುತ್ತಾರೆ. ಕವಿತೆಗೂ ಇದಕ್ಕೂ ಸಂಬಂಧವಿಲ್ಲ! ವರ್ಷದ ವಹಿವಾಟು 50 ಕೋಟಿ ರೂಪಾಯಿ ದಾಟದಿದ್ದರೆ ಇದು ತಾಗುವುದಿಲ್ಲ ಎಂದು 2017ರ ಸುತ್ತೋಲೆ ಹೇಳಿದೆ.

ಕೊನೆಗೆ ಮತ್ತೆ ಬ್ಯಾಂಕಿನ ಕೆಲಸ: ಷೇರು ಸರ್ಟಿಫಿಕೇಟನ್ನು 6 ತಿಂಗಳೊಳಗೆ ಬ್ಯಾಂಕಿಗೆ ಕೊಡಬೇಕು. ಪ್ರತಿ ವರ್ಷ ಡಿಸೆಂಬರ್ 31ರೊಳಗೆ ಎಪಿಆರ್, ಅಂದರೆ ಆ ವಿದೇಶಿ ಕಂಪನಿಯ ವಾರ್ಷಿಕ ವರದಿ, ಸಲ್ಲಿಸಬೇಕು, ಆ ವರ್ಷ ಕಂಪನಿ ಒಂದು ಬಿಲ್ ಕೂಡ ಮಾಡದಿದ್ದರೂ.