ಡೈರಿ ಕ್ಯಾನಿಗೆ ಬಾರದ ಕಡಸು

ಪಿಎಚ್‌ಡಿ ಮುಗಿಸಿದವರ ಬಗ್ಗೆ ಗೈಡ್ ತುಂಬಿಕೊಡಬೇಕಾದ ಫಾರಂನಲ್ಲಿ ಅಭಿಪ್ರಾಯ ಬರೆಯಲು ಮೂರೇ ಗೆರೆ ಜಾಗ. ‘ಶ್ರಮಜೀವಿ, ವಿಷಯದಲ್ಲಿ ಹಿಡಿತವಿದೆ’ ಎಂದು ಗೀಚಿ ಸಹಿ ಹಾಕಿದರೆ ಕೆಲಸ ಮುಗಿಯಿತು. ಎಷ್ಟೋ ಜನರಿಗೆ ನಾನು ಹಾಗೇ ಬರೆದುಕೊಟ್ಟಿದ್ದೇನೆ. ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ಕಂದು ರೋಗದ ಬೆನ್ನು ಹತ್ತಿ ನಾಲ್ಕು ವರ್ಷ ಸುತ್ತಿದ ಈ ಹುಡುಗಿಯ ಫಾರಂ ಮಾತ್ರ ಒಂದು ವಾರದಿಂದ ಮೇಜಿನ ಮೇಲೇ ಕೂತಿದೆ.

ಕಂದು ರೋಗ ಅಂದರೆ ಬ್ರುಸೆಲ್ಲೋಸಿಸ್. ಗಬ್ಬದ ಹಸು ಐದು ತಿಂಗಳು ದಾಟಿದ ಮೇಲೆ, ಹೆಚ್ಚಾಗಿ ಏಳೆಂಟನೇ ತಿಂಗಳಲ್ಲಿ, ಕಂದು ಹಾಕುತ್ತದೆ, ಅಂದರೆ ಗರ್ಭಪಾತವಾಗುತ್ತದೆ. ಎಷ್ಟೋ ಸಲ ಕಸವೂ (ಕರುವಿನ ಹಿಂದೆ ಬೀಳುವ ಮಾಸು) ಬೀಳದೆ ನಿಲ್ಲುತ್ತದೆ. ಇದರ ಮೋಸ ಇರುವುದು ಮುಂದಿನ ಈತದಲ್ಲಿ. ಹೆಚ್ಚಿನ ಹಸುಗಳು ಒಂದೇ ಸಲ ಕಂದು ಹಾಕಿ ಆಮೇಲೆ ತುಂಬು ದಿನಕ್ಕೇ ಈಯುತ್ತವೆ. ಮನೆಯವರು ವಾಸಿಯಾಯಿತು ಅಂದುಕೊಳ್ಳುತ್ತಾರೆ. ರೋಗಾಣು ಕೆಚ್ಚಲಲ್ಲಿ ಮನೆ ಮಾಡಿಕೊಂಡು ಹಾಲಲ್ಲಿ, ಮುಂದಿನ ಕಸದಲ್ಲಿ ಹೊರಬೀಳುತ್ತಲೇ ಇರುತ್ತದೆ. 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಡೇವಿಡ್ ಬ್ರೂಸ್ ಈ ಜಾತಿಯ ರೋಗಾಣುವನ್ನು ಸತ್ತ ಸೈನಿಕರಲ್ಲಿ ಪತ್ತೆಮಾಡಿದ. ಅದು ಮೇಕೆ ಹಾಲಿನಿಂದ ಬರುತ್ತಿದೆ ಎಂದು ತಿಳಿಯಲು 1905ರ ತನಕ ಕಾಯಬೇಕಾಯಿತು. ಕಾರಣ ಇಷ್ಟೇ: ಮೇಕೆಗಳು ನೋಡಲು ಗಟ್ಟಿಮುಟ್ಟಾಗಿದ್ದವು.

ಈಗ ಹುಡುಗಿಯ ವಿಷಯ. ಊರಿಗೆ ರೋಗ ಬಂದಿದೆಯೇ ಎಂದು ಬೇಗ ತಿಳಿಯಲು ಹಾಲಿನ ಉಂಗುರ ಪರೀಕ್ಷೆ ಇದೆ. ಡೈರಿ ಕ್ಯಾನಿನಿಂದ ಒಂದು ಮಿಲಿಲೀಟರ್ ಹಾಲು ತೆಗೆದು, ಬಣ್ಣ ಹಚ್ಚಿದ ಸತ್ತ ರೋಗಾಣುಗಳ ದ್ರಾವಣವನ್ನು ಒಂದು ಹನಿ ಬಿಟ್ಟು, 37 ಡಿಗ್ರಿಯಲ್ಲಿ ಒಂದು ಗಂಟೆ ಇಡಬೇಕು. ರೋಗಾಣುವಿನ ವಿರುದ್ಧ ಹಸುವಿನ ಮೈ ತಯಾರಿಸುವ ಪ್ರತಿಕಾಯ ಹಾಲಿನಲ್ಲಿ ಇದ್ದರೆ ಬಣ್ಣವೆಲ್ಲ ಜಿಡ್ಡಿನ ಜೊತೆ ಮೇಲೇರಿ ನೇರಳೆ ಉಂಗುರ ಕಟ್ಟುತ್ತದೆ, ಕೆಳಗಿನ ಹಾಲು ಬೆಳ್ಳಗಾಗುತ್ತದೆ. ಚನ್ನರಾಯಪಟ್ಟಣ ಕಡೆಯ ಒಂದು ಡೈರಿಯ ಹಾಲಿನಲ್ಲಿ ಉಂಗುರ ಢಾಳಾಗಿ ಬಂತು. ಥೀಸಿಸ್ಸಿಗೆ ಒಂದು ಅಧ್ಯಾಯ ಸಿಕ್ಕಿತು ಎಂದು ನಾನು ಖುಷಿಪಟ್ಟೆ. ಅವಳು ಪಡಲಿಲ್ಲ. ಸಂಜೆ ಹಾಲು ಹಾಕುವ ಹೊತ್ತಿಗೆ ಹೋಗಿ ಸಾಲಿನಲ್ಲಿ ನಿಂತವರನ್ನೆಲ್ಲ ಮಾತಾಡಿಸಿದಳು. ಒಂದು ಮನೆಯವರು ಹಸು ಈದು ನಾಲ್ಕನೇ ದಿನಕ್ಕೇ ಹಾಲು ತಂದು ಸುರಿದಿದ್ದರು. ಗಿಣ್ಣುಹಾಲು ಬೆರೆತರೂ ಉಂಗುರ ಸುಳ್ಳು ಹೇಳುತ್ತದೆ. ಎರಡು ವಾರ ಬಿಟ್ಟು ನೋಡಿದರೆ ಉಂಗುರವೇ ಇಲ್ಲ. ಸಿಕ್ಕಿದ್ದ ಅಧ್ಯಾಯವನ್ನು ಅವಳೇ ಹೊಡೆದುಹಾಕಿದಳು.

ಇದಕ್ಕೇ ನಾನು ಮೆಚ್ಚಿಕೊಂಡೆ ಅಂದುಕೊಳ್ಳಬೇಡಿ. ಸುಳ್ಳು ಪಾಸಿಟಿವ್ ಹಿಡಿಯುವುದನ್ನು ನಾವೇ ಪಾಠ ಮಾಡಿರುತ್ತೇವೆ. ಅರಸೀಕೆರೆ ಕಡೆಯ ಇನ್ನೊಂದು ಊರಲ್ಲಿ ಮೂರು ಸಲ ನೋಡಿದರೂ ಉಂಗುರ ಕಟ್ಟಲಿಲ್ಲ. ನೆಗೆಟಿವ್ ಎಂದು ಬರೆದು ಮುಂದಿನ ಊರಿಗೆ ಹೋಗು ಎಂದೆ. ಅವಳು ಡೈರಿ ಕಟ್ಟೆಯ ಮೇಲೆ ಕೂತು ನಮ್ಮ ಪ್ರಶ್ನಾವಳಿಯಲ್ಲಿ ಇಲ್ಲದ ಒಂದು ಪ್ರಶ್ನೆ ಕೇಳಿದಳು: “ಈ ವರ್ಷ ಹಾಲು ಹಾಕ್ತೀವಿ ಅಂತ ಹೇಳಿ ಹಾಕದೇ ಇರೋರು ಯಾರಿದೀರಾ?”

ಹಿಂದೆ ನಿಂತಿದ್ದ ಹೆಂಗಸೊಬ್ಬರು ಅಂದರು, “ನಮ್ಮ ಕಡಸು ಏಳು ತಿಂಗ್ಳಿಗೇ ಕಂದು ಹಾಕ್ಬುಡ್ತು ಡಾಕ್ಟ್ರಮ್ಮ. ಇನ್ನು ಹಾಲೆಲ್ಲಿಂದ ಬತ್ತದೆ?”

ಕ್ಯಾನು ಕರೆಯುವ ಹಸುಗಳ ಸುದ್ದಿಯನ್ನಷ್ಟೇ ಹೇಳುತ್ತದೆ. ಚೊಚ್ಚಲ ಗಬ್ಬದಲ್ಲೇ ಕಂದು ಹಾಕಿ ಕೆಚ್ಚಲು ಬಿಡದ ಕಡಸಿನ ಹಾಲು ಅದರೊಳಗೆ ಬರುವುದೇ ಇಲ್ಲ. ಇಷ್ಟು ಸರಳ ಮಾತು ಇಪ್ಪತ್ತೈದು ವರ್ಷದ ನನ್ನ ಅನುಭವಕ್ಕೆ ಹೊಳೆದಿರಲಿಲ್ಲ. ಆ ಕಡಸಿನ ರಕ್ತ ತಂದು ರೋಸ್ ಬೆಂಗಾಲ್ ಪರೀಕ್ಷೆ ಮಾಡಿದೆವು. ಗಾಜಿನ ಮೇಲೆ ಸೀರಂ ಒಂದು ಹನಿ, ಗುಲಾಬಿ ಬಣ್ಣ ಹಚ್ಚಿದ ಸತ್ತ ರೋಗಾಣುಗಳ ದ್ರಾವಣ ಒಂದು ಹನಿ. ಕಡ್ಡಿಯಿಂದ ಬೆರೆಸಿ ನಾಲ್ಕು ನಿಮಿಷ ಅಲ್ಲಾಡಿಸಬೇಕು. ಎರಡನೇ ನಿಮಿಷಕ್ಕೇ ಒಡೆದ ಹಾಲಿನ ಹಾಗೆ ಗರಣೆ ಗರಣೆ ಕಟ್ಟಿತು. ಆಗಲೂ ಅವಳು ಕೇಳಿದ್ದು, “ಸರ್, ಇದಕ್ಕೆ ಕರು ಇದ್ದಾಗ ಲಸಿಕೆ ಹಾಕಿದ್ರಾ?” ಎಂದು. ಲಸಿಕೆಯ ಪ್ರತಿಕಾಯವೂ ಕೆಲವೊಮ್ಮೆ ಹೀಗೇ ಗರಣೆ ಕಟ್ಟಿಸುತ್ತದೆ. ಕಿವಿಯೋಲೆಯ 12 ಅಂಕಿ ಹಿಡಿದು ದಾಖಲೆ ನೋಡಿಸಿದಳು. ಹಾಕಿರಲಿಲ್ಲ. ಮುಗಿಸಿದ್ದ ಊರುಗಳಿಗೆಲ್ಲ, ಹಾಲು ಹಾಕದೇ ಇರೋರು ಯಾರು ಎಂಬ ಅದೊಂದು ಪ್ರಶ್ನೆ ಹೊತ್ತು ಮತ್ತೆ ಹೊರಟಳು. ಗಡುವು ಹತ್ತಿರ ಬಂದಿದೆ ಎಂದು ನಾನು ರೇಗಿದ್ದೆ. ಅದೂ ಈ ಮೂರು ಗೆರೆಯಲ್ಲಿ ಸೇರಬೇಕು.

ಇನ್ನೊಂದು ವಿಷಯಕ್ಕೆ ನಾನು ಅವಳಿಗೆ ಋಣಿ. ನೌಕರಿ ಸೇರಿದ ಹೊಸದರಲ್ಲಿ ಬರಿಗೈಯಲ್ಲೇ ಕಸ ತೆಗೆಯುವುದು ನಮಗೊಂದು ಗತ್ತು. ಆಮೇಲೆ ಸಂಜೆ ಸಂಜೆ ಜ್ವರ, ರಾತ್ರಿ ಮೈಯೆಲ್ಲ ಬೆವರು, ಸೊಂಟ ನೋವು. ಆಸ್ಪತ್ರೆಯೊಂದರಲ್ಲಿ ಟೈಫಾಯ್ಡ್ ಎಂದು ತಿಂಗಳುಗಟ್ಟಲೆ ಔಷಧಿ ಕೊಟ್ಟರು. ಕೊನೆಗೆ ಕಂದು ರೋಗ ಎಂದು ತಿಳಿದು, ಡಾಕ್ಸಿಸೈಕ್ಲಿನ್ ಮತ್ತು ರಿಫಾಂಪಿಸಿನ್ ಎರಡನ್ನೂ ಆರು ವಾರ ನುಂಗಿ ಎದ್ದೆ. ಇಷ್ಟಾದರೂ ಬುದ್ಧಿ ಬಂದಿರಲಿಲ್ಲ. ಭುಜದ ತನಕ ಗ್ಲೌಸ್ ಹಾಕದೆ ಕೊಟ್ಟಿಗೆಯೊಳಗೆ ಕಾಲಿಡಬೇಡಿ ಎಂದು ಜೂನಿಯರ್‌ಗಳ ಮುಂದೆಯೇ ನನಗೆ ಗದರಿದವಳು ಇವಳು.

ರೋಗವಿದೆ ಎಂದು ಗೊತ್ತಾದ ಮೇಲೆ ಮಾಡುವುದೇನು? ಪರೀಕ್ಷಿಸಿ ಕಡಿದುಹಾಕಿ ಈ ರೋಗ ಓಡಿಸಿದ ದೇಶಗಳಿವೆ. ಆ ದಾರಿ ನಮ್ಮದಲ್ಲ. ಇಲ್ಲಿ ಅಂಥ ಹಸು ಸಂತೆಗೆ ಹೋಗಿ ಬೇರೆ ಊರು ಸೇರುತ್ತದೆ. ನಮಗಿರುವುದು ಲಸಿಕೆ: ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುವಿಗೆ ಜೀವಮಾನದಲ್ಲಿ ಒಂದೇ ಸಲ. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರದ ಜೊತೆ ಇದೂ ಸೇರಿದೆ. ಅದು ಜೀವಂತ ರೋಗಾಣುವಿನ ಲಸಿಕೆ, ಗಬ್ಬದ ಹಸುವಿಗೆ ಹಾಕುವಂತಿಲ್ಲ. ಸೂಜಿ ಹಾಕುವವರ ಕೈಗೇ ಚುಚ್ಚಿತೋ, ಅವರಿಗೂ ರೋಗ. ಉಳಿದಂತೆ ಹಾಲನ್ನು ಉಕ್ಕಿಸಿಯೇ ಕುಡಿಯಬೇಕು. ಮಕ್ಕಳಿಗೆ ನೊರೆಹಾಲು ಕುಡಿಸುವ ಪ್ರೀತಿ ಈ ರೋಗದ ಮುಂದೆ ಅಪಾಯ.

ಆ ಕಡಸಿನ ಮನೆಯಲ್ಲಿ ಒಂದು ತೊಡಕಿತ್ತು. ಈದ ಹಸುವಿನ ಕಸವನ್ನು ಹುಲ್ಲಿನಲ್ಲಿ ಸುತ್ತಿ ಆಲದ ಮರಕ್ಕೆ ಕಟ್ಟಿದರೆ ಮರದ ಹಾಲಿನ ಹಾಗೆ ಕೆಚ್ಚಲಲ್ಲೂ ಹಾಲು ಹೆಚ್ಚುತ್ತದೆ ಎಂಬುದು ಅತ್ತೆಯ ನಂಬಿಕೆ. ಕಾಗೆ ಎಳೆದು ಬೀಳಿಸಿದ್ದನ್ನು ನಾಯಿ ಊರೆಲ್ಲ ಹರಡುತ್ತದೆ. ದನ ಮೇಯುವುದೂ ಅದೇ ಮರದ ಬುಡದಲ್ಲಿ. ನಾನಾಗಿದ್ದರೆ ಮೂಢನಂಬಿಕೆ ಎಂದು ಭಾಷಣ ಬಿಗಿದು ಬರುತ್ತಿದ್ದೆ. ಇವಳು, “ಅಜ್ಜಿ, ಕಸನ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿಬಿಡೋಣ. ಮರಕ್ಕೆ ಬರೀ ಹುಲ್ಲಿನ ಕಂತೆ ಕಟ್ಟಿ” ಅಂದಳು. ಅಜ್ಜಿ ಸ್ವಲ್ಪ ಯೋಚಿಸಿ, ಹುಲ್ಲಿಗೆ ಅರಿಶಿನ ಕುಂಕುಮ ಇಟ್ಟರೆ ಸಾಕಾ ಎಂದು ಕೇಳಿದರು. ಕಳೆದ ತಿಂಗಳು ಅದೇ ಕಡಸು ತುಂಬು ದಿನಕ್ಕೆ ಹೆಣ್ಣುಕರು ಹಾಕಿತು. ಕಸ ಗುಂಡಿ ಸೇರಿತು, ಆಲದ ಮರದಲ್ಲಿ ಹುಲ್ಲಿನ ಕಂತೆ ತೂಗುತ್ತಿದೆ. ಕರುವಿಗೆ ನಾಲ್ಕು ತಿಂಗಳು ತುಂಬುವ ತಾರೀಕನ್ನು ಹುಡುಗಿ ನನ್ನ ಡೈರಿಯಲ್ಲೇ ಬರೆದಿಟ್ಟು ಹೋಗಿದ್ದಾಳೆ.